ಲಕಂದೋನ್ ಮಳೆಕಾಡು ಮತ್ತು ಅಲ್ಲಿನ ಮಾಯಾ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೋ ದೇಶದ ದಕ್ಷಿಣದ ತುದಿಯಲ್ಲಿರುವ ಲಕಂದೋನ್ ಕಾಡಿನ ಮಾತು ಬಂದಾಗಲೆಲ್ಲ ಬಿಳಿ ನಿಲುವಂಗಿ ತೊಟ್ಟು, ಉದ್ದ ಕೂದಲು ಬಿಟ್ಟು, ಮರಗಳ ನಡುವೆ ನಿಂತ ಮನುಷ್ಯನ ಚಿತ್ರವೊಂದು ಜೊತೆಗೇ ಬರುತ್ತದೆ. ಚಿತ್ರದ ಕೆಳಗೆ ‘ಕೊನೆಯ ಮಾಯಾಗಳು’ ಎಂಬ ಬರಹವೂ ಇರುತ್ತದೆ. ಮಾಯಾ ಎಂದರೆ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ ಮತ್ತು ಸುತ್ತಲಿನ ನಾಡುಗಳ ಮೂಲನಿವಾಸಿ ಜನ. ಅದರಲ್ಲಿನ ‘ಕೊನೆಯ’ ಎಂಬ ಪದ ನಿಜವಲ್ಲ ಎಂಬುದನ್ನು ಈ ಕಾಡಿನ ಇತಿಹಾಸ ಓದಿದವರು ಬೇಗನೆ ಕಂಡುಕೊಳ್ಳುತ್ತಾರೆ. ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಳ್ಳಲಾಗಿದೆ.

ಈ ಕಾಡು ಎಲ್ಲಿದೆ? ಎಷ್ಟು ವಿಸ್ತಾರವಾಗಿದೆ?

ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಪೂರ್ವಭಾಗದಲ್ಲಿ, ಗ್ವಾಟೆಮಾಲಾ ದೇಶದ ಗಡಿಗೆ ಅಂಟಿಕೊಂಡಂತೆ ಇದೆ. ಉಸುಮಾಸಿಂತಾ ನದಿ ಬಹುದೂರದವರೆಗೆ ಎರಡೂ ದೇಶಗಳ ನಡುವಿನ ಗಡಿಯಾಗಿ ಹರಿಯುತ್ತದೆ. ಲಕಾಂತುನ್, ಹತಾತೆ ಮೊದಲಾದ ಹೊಳೆಗಳು ಕಾಡಿನೊಳಗಿನ ನೀರನ್ನೆಲ್ಲ ಕೂಡಿಸಿಕೊಂಡು ಅದನ್ನು ಸೇರುತ್ತವೆ. ಸುಣ್ಣಕಲ್ಲಿನ ಬೆಟ್ಟಸಾಲುಗಳು, ಅವುಗಳ ನಡುವಿನ ಕಣಿವೆಗಳು, ಅಲ್ಲಲ್ಲಿ ತಿಳಿನೀರಿನ ಸರೋವರಗಳು, ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ: ಪಶ್ಚಿಮ ಘಟ್ಟದ ಮಳೆಯನ್ನು ಬಲ್ಲವರಿಗೆ ಅಲ್ಲಿನ ಹಸಿರು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಪ್ರದೇಶದ ವಿಸ್ತೀರ್ಣವನ್ನು ಸಾಮಾನ್ಯವಾಗಿ ಸುಮಾರು 18 ಲಕ್ಷ ಹೆಕ್ಟೇರ್ ಎಂದು ಹೇಳುತ್ತಾರೆ, ಆದರೆ ಇಂದು ಅದೆಲ್ಲವೂ ಕಾಡಾಗಿ ಉಳಿದಿಲ್ಲ. ಉಳಿದ ಕಾಡಿನ ತಿರುಳು 1978ರಲ್ಲಿ ಘೋಷಣೆಯಾದ ಮೋಂತೆಸ್ ಅಸೂಲೆಸ್ ಜೀವಗೋಳ ಮೀಸಲು ಪ್ರದೇಶದೊಳಗಿದೆ. ಅದರ ವಿಸ್ತೀರ್ಣ ಸುಮಾರು 3,31,000 ಹೆಕ್ಟೇರ್.

‘ಲಕಂದೋನ್’ ಎಂಬ ಹೆಸರು ಎಲ್ಲಿಂದ ಬಂತು?

ಈ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಈ ಕಾಡಿನ ಕುರಿತಾದ ಬಹುಪಾಲು ತಪ್ಪು ತಿಳಿವಳಿಕೆ ಹುಟ್ಟುವುದು ಈ ಹೆಸರಿನಲ್ಲೇ.

ಸ್ಪೇನಿನವರು 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದಾಗ ಕಾಡಿನೊಳಗೆ, ಇಂದು ಮಿರಾಮಾರ್ ಎಂದು ಕರೆಯುವ ಸರೋವರದ ನಡುಗಡ್ಡೆಯೊಂದರ ಮೇಲೆ, ಲಕಾಂ-ತುನ್ ಎಂಬ ಊರಿತ್ತು. ‘ದೊಡ್ಡ ಬಂಡೆ’ ಎಂದು ಆ ಹೆಸರಿನ ಅರ್ಥ. ಸ್ಪೇನಿನವರ ನಾಲಿಗೆಯಲ್ಲಿ ಅದು ‘ಲಕಂದೋನ್’ ಆಯಿತು. ಮೊದಲು ಊರಿನವರಿಗೆ, ಆಮೇಲೆ ಸುತ್ತಲಿನ ಕಾಡಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಅಲ್ಲಿದ್ದವರು ಮಾಯಾ ಭಾಷಾಕುಟುಂಬದ ಚೋಲ್ ಬಳಗದ ನುಡಿಯನ್ನಾಡುತ್ತಿದ್ದರು. ಅವರು ವಸಾಹತು ಆಡಳಿತಕ್ಕೆ ತಲೆಬಾಗಲಿಲ್ಲ. ಮತಾಂತರಗೊಂಡ ಹಳ್ಳಿಗಳ ಮೇಲೆ ಆಗಾಗ ದಾಳಿ ಮಾಡುತ್ತಿದ್ದರು. 1559ರಲ್ಲಿ ಗ್ವಾಟೆಮಾಲಾದಿಂದ ಹೊರಟ ಸೇನೆ ನಡುಗಡ್ಡೆಗೆ ಮುತ್ತಿಗೆ ಹಾಕಿತು. ಸೇನೆ ಮರಳಿದ ಮೇಲೆ ಜನ ಮತ್ತೆ ಅಲ್ಲೇ ಬಂದು ನೆಲೆಸಿದರು. 1586ರಲ್ಲಿ ಎರಡನೆಯ ಸೇನೆ ಬಂದು ಊರನ್ನು ನಾಶಮಾಡಿದಾಗ ಅವರು ಇನ್ನೂ ಒಳಗಿನ ಕಾಡಿಗೆ ಸರಿದು ‘ಬಿಳಿ ಜಾಗ್ವಾರ್’ ಎಂಬ ಅರ್ಥದ ಸಾಕ್ ಬಾಲಾಮ್ ಎಂಬ ಹೊಸ ಊರನ್ನು ಕಟ್ಟಿಕೊಂಡರು. ಅಲ್ಲಿ ಸುಮಾರು ನೂರು ವರ್ಷ ಯಾರ ಅಂಕೆಗೂ ಸಿಗದೆ ಬಾಳಿದರು. 1695ರಲ್ಲಿ ಹಲವು ದಿಕ್ಕುಗಳಿಂದ ಏಕಕಾಲದಲ್ಲಿ ಬಂದ ಸ್ಪೇನಿನ ಪಡೆಗಳು ಆ ಊರನ್ನೂ ಹಿಡಿದು, ಅದಕ್ಕೆ ಕ್ರೈಸ್ತ ಹೆಸರಿಟ್ಟು, ಕೆಲವು ವರ್ಷಗಳ ನಂತರ ಜನರನ್ನು ಅಲ್ಲಿಂದ ಎಬ್ಬಿಸಿ ಬೇರೆಡೆಗೆ ಸಾಗಿಸಿದವು. ರೋಗ ಮತ್ತು ನೆಲೆ ತಪ್ಪಿದ ಬದುಕು ಅವರನ್ನು ತಿಂದುಹಾಕಿದವು. 18ನೆಯ ಶತಮಾನ ಮುಗಿಯುವಷ್ಟರಲ್ಲಿ ಆ ಜನಾಂಗವೇ ಇಲ್ಲವಾಗಿತ್ತು. ಈ ಕಥೆಯನ್ನು ದಾಖಲೆಗಳ ರಾಶಿಯಿಂದ ಹೆಕ್ಕಿ ತೆಗೆದು ಕಟ್ಟಿಕೊಟ್ಟವರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ ಚಿಯಾಪಾಸಿನಲ್ಲಿ ನೆಲೆಸಿದ ಇತಿಹಾಸಕಾರ ಯಾನ್ ದೆ ವೋಸ್ ಅವರು ಪ್ರಮುಖರು.

ಹೀಗೆ, ಹೆಸರಿಗೆ ಮೂಲವಾದ ಜನ ಅಳಿದುಹೋದರು. ಹೆಸರು ಮಾತ್ರ ಕಾಡಿನಲ್ಲೇ ಉಳಿದು, ಆಮೇಲೆ ಬಂದವರ ಮೇಲೆ ಕೂತಿತು.

ಹಾಗಾದರೆ ಇಂದು ಲಕಂದೋನರೆಂದು ಕರೆಯಿಸಿಕೊಳ್ಳುವವರು ಯಾರು?

ಅವರು ತಮ್ಮನ್ನು ‘ಹಾಚ್ ವಿನಿಕ್’, ಅಂದರೆ ‘ನಿಜವಾದ ಜನ’, ಎಂದು ಕರೆದುಕೊಳ್ಳುತ್ತಾರೆ. ತಮ್ಮ ನುಡಿಗೆ ‘ಹಾಚ್ ತಾನ್’, ‘ನಿಜವಾದ ಮಾತು’, ಎನ್ನುತ್ತಾರೆ. ಆ ನುಡಿ ಚೋಲ್ ಬಳಗದ್ದಲ್ಲ, ಉತ್ತರದ ಯುಕತಾನ್ ಪರ್ಯಾಯದ್ವೀಪದ ಮಾಯಾ ನುಡಿಗೆ ಹತ್ತಿರದ್ದು. ವಸಾಹತು ಆಡಳಿತದ ತೆರಿಗೆ, ಬಿಟ್ಟಿ ದುಡಿಮೆ ಮತ್ತು ಬಲವಂತದ ಮತಾಂತರಗಳಿಂದ ತಪ್ಪಿಸಿಕೊಂಡು ಯುಕತಾನ್ ಮತ್ತು ಗ್ವಾಟೆಮಾಲಾದ ಉತ್ತರಭಾಗವಾದ ಪೆತೇನ್ ಕಡೆಯಿಂದ ಸಣ್ಣ ಸಣ್ಣ ಗುಂಪುಗಳಲ್ಲಿ ಬಂದು, ಬರಿದಾಗಿದ್ದ ಈ ಕಾಡಿನಲ್ಲಿ ನೆಲೆಸಿದವರ ಸಂತತಿ ಇವರೆಂದು ಇಂದು ಬಹುಮಟ್ಟಿಗೆ ಒಪ್ಪಲಾಗಿದೆ. ಅವರು ಕಾಡಿನಲ್ಲಿ ‘ಮೊದಲಿನಿಂದಲೂ’ ಇದ್ದವರಲ್ಲ, ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಕಾಡನ್ನು ಆರಿಸಿಕೊಂಡವರು. ಇದನ್ನು ಹೇಳುವುದರಿಂದ ಅವರ ಗೌರವ ಕಡಿಮೆಯಾಗುವುದಿಲ್ಲ. ಅವರು ಕಾಲ ನಿಂತುಹೋದ ಜನರಲ್ಲ, ತಮ್ಮ ಇತಿಹಾಸವನ್ನು ತಾವೇ ನಡೆಸಿದ ಜನ ಎಂಬುದು ಇದರಿಂದಲೇ ತಿಳಿಯುತ್ತದೆ.

ಅವರ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ. 20ನೆಯ ಶತಮಾನದ ಮೊದಲ ಭಾಗದಲ್ಲಿ ಹೊರಗಿನಿಂದ ಬಂದ ರೋಗಗಳಿಂದಾಗಿ ಕೆಲವೇ ನೂರಕ್ಕೆ ಇಳಿದಿತ್ತು. ನಾಹಾ ಮತ್ತು ಮೆತ್ಸಾಬೊಕ್ ಉತ್ತರದ ಲಕಂದೋನರ ಊರುಗಳು, ಲಕಾನ್ಹಾ ಚಾನ್ಸಯಾಬ್ ದಕ್ಷಿಣದವರದು. ಎರಡು ಗುಂಪುಗಳ ನುಡಿಯಲ್ಲೂ ಉಡುಪಿನಲ್ಲೂ ನಂಬಿಕೆಯಲ್ಲೂ ವ್ಯತ್ಯಾಸಗಳಿವೆ. ನಮ್ಮಲ್ಲಿ ಬೆಡಗು, ಬಳಿ ಎನ್ನುವಂತೆ ಅವರಲ್ಲೂ ಪ್ರಾಣಿಗಳ ಹೆಸರು ಹೊತ್ತ ಕುಲಗಳಿದ್ದವು: ಜೇಡಕೋತಿಯ ಕುಲ, ಕಾಡುಹಂದಿಯ ಕುಲ, ಹೀಗೆ.

ಕಾಡಿನೊಳಗಿನ ಪಾಳುನಗರಗಳನ್ನು ಕಟ್ಟಿದವರು ಯಾರು?

ಸುಮಾರು ಕ್ರಿ.ಶ. 250ರಿಂದ 900ರವರೆಗಿನ ಅವಧಿಯಲ್ಲಿ ಇಲ್ಲಿ ಆಳಿದ ಮಾಯಾ ಅರಸುಮನೆತನಗಳು. ಒಂದೇ ಸಾಮ್ರಾಜ್ಯವೆಂಬುದು ಇರಲಿಲ್ಲ. ಒಂದೊಂದು ನಗರಕ್ಕೂ ಅದರದೇ ದೊರೆ, ಅದರದೇ ಹಗೆತನ, ಅದರದೇ ಮದುವೆಯ ನಂಟುಗಳಿದ್ದವು. ಉಸುಮಾಸಿಂತಾದ ದಡದಲ್ಲಿ, ನದಿ ಲಾಳದಂತೆ ಬಳುಕುವ ಜಾಗದಲ್ಲಿ, ಯಾಶ್ಚಿಲಾನ್ ಇದೆ. ಅದರ ಕೆಳಹರಿವಿನಲ್ಲಿ, ಗ್ವಾಟೆಮಾಲಾದ ದಡದಲ್ಲಿ, ಅದರ ಬದ್ಧವೈರಿ ಪಿಯೆದ್ರಾಸ್ ನೆಗ್ರಾಸ್. ಕಾಡಿನ ಉತ್ತರದ ಅಂಚಿನಲ್ಲಿ ಪಾಲೆಂಕೆ, ಪಶ್ಚಿಮದ ಓಕೋಸಿಂಗೋ ಕಣಿವೆಯಲ್ಲಿ ತೋನಿನಾ, ನಡುವೆ ಚಿಕ್ಕದಾದರೂ ಜಗತ್ತಿನ ಗಮನ ಸೆಳೆದ ಬೊನಾಂಪಾಕ್.

ಯಾಶ್ಚಿಲಾನಿನ ಬಾಗಿಲುಗಳ ಮೇಲಿನ ಕಲ್ಲಿನ ಪಟ್ಟಿಗಳಲ್ಲಿ ಕೆತ್ತಿದ ಚಿತ್ರಗಳು ಮಾಯಾ ಶಿಲ್ಪಕಲೆಯ ಶಿಖರಗಳಲ್ಲಿ ಸೇರುತ್ತವೆ. ಒಂದರಲ್ಲಿ ಕಬಾಲ್ ಶೋಕ್ ಎಂಬ ರಾಣಿ ಮುಳ್ಳು ಹೊಸೆದ ಹಗ್ಗವನ್ನು ತನ್ನ ನಾಲಿಗೆಯ ಮೂಲಕ ಎಳೆದುಕೊಂಡು ದೇವರಿಗೆ ರಕ್ತ ಅರ್ಪಿಸುತ್ತಿದ್ದಾಳೆ; ಎದುರಿಗೆ ದೊರೆ ದೀವಟಿಗೆ ಹಿಡಿದು ನಿಂತಿದ್ದಾನೆ. ಕಲ್ಲಿನ ಮೇಲಿನ ತಿಥಿ ಕ್ರಿ.ಶ. 709ಕ್ಕೆ ಸಲ್ಲುತ್ತದೆ. ಆ ಕಲ್ಲು ಈಗ ಯಾಶ್ಚಿಲಾನಿನಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1880ರ ದಶಕದಲ್ಲಿ ಇಂಗ್ಲಿಷ್ ಪುರಾತತ್ವಜ್ಞ ಆಲ್ಫ್ರೆಡ್ ಮಾಡ್ಸ್ಲೆ ಅದನ್ನು ಅಲ್ಲಿಗೆ ತಲುಪಿಸಿದರು. ತಮ್ಮ ನೆಲದ ಶಿಲ್ಪಗಳನ್ನು ನೋಡಲು ಸಮುದ್ರ ದಾಟಬೇಕಾದ ಸಂಕಟ ಭಾರತೀಯ ಓದುಗರಿಗೆ ಹೊಸದಲ್ಲ.

ಬೊನಾಂಪಾಕಿನಲ್ಲಿ ಮೂರು ಕೋಣೆಗಳ ಒಂದು ಕಟ್ಟಡವಿದೆ. ಸುಮಾರು ಕ್ರಿ.ಶ. 790ರ ಹೊತ್ತಿಗೆ ಅದರ ಗೋಡೆ, ಚಾವಣಿಗಳ ತುಂಬ ಬಣ್ಣದ ಚಿತ್ರಗಳನ್ನು ಬರೆದರು: ಕಹಳೆ ಊದುವವರು, ಕುಣಿಯುವವರು, ಕಾಡಿನ ನಡುವಿನ ಘೋರ ಕಾಳಗ, ಉಗುರುಗಳಿಂದ ರಕ್ತ ಸುರಿಯುತ್ತ ಮೆಟ್ಟಿಲ ಮೇಲೆ ಕುಸಿದ ಸೆರೆಯಾಳುಗಳು. ಮಾಯಾ ಜನ ನಕ್ಷತ್ರ ನೋಡುತ್ತ ಕಾಲ ಕಳೆದ ಶಾಂತ ಜ್ಯೋತಿಷಿಗಳು ಎಂಬ 20ನೆಯ ಶತಮಾನದ ನಡುಭಾಗದ ವಿದ್ವಾಂಸರ ಕಲ್ಪನೆಗೆ ಈ ಚಿತ್ರಗಳು ಬಲವಾದ ಪೆಟ್ಟು ಕೊಟ್ಟವು. ಲಕಂದೋನರಿಗೆ ಈ ಜಾಗ ಮೊದಲಿನಿಂದಲೂ ಗೊತ್ತಿತ್ತು. ಹೊರಗಿನವರಿಗೆ ತಿಳಿದದ್ದು 1946ರಲ್ಲಿ, ಲಕಂದೋನರೇ ದಾರಿ ತೋರಿಸಿದ ಮೇಲೆ. ಆದ್ದರಿಂದ ‘ಪತ್ತೆ’ ಎಂಬ ಪದವನ್ನು ಇಲ್ಲಿ ಬಳಸಲು ಮನಸ್ಸು ಒಪ್ಪುವುದಿಲ್ಲ. ‘ಬೊನಾಂಪಾಕ್’ ಎಂದರೆ ‘ಬಣ್ಣ ಬಳಿದ ಗೋಡೆಗಳು’. ಅದೂ ಪುರಾತತ್ವಜ್ಞ ಸಿಲ್ವೇನಸ್ ಮೋರ್ಲಿ ಇಟ್ಟ ಹೊಸ ಹೆಸರು.

ಪಾಲೆಂಕೆಯಲ್ಲಿ 615ರಿಂದ 683ರವರೆಗೆ ಆಳಿದ ದೊರೆ ಪಕಾಲ್‌ನ ಸಮಾಧಿಯನ್ನು 1952ರಲ್ಲಿ ಪುರಾತತ್ವಜ್ಞ ಆಲ್ಬೆರ್ತೊ ರುಸ್ ಅವರು ಪಿರಮಿಡ್ಡಿನ ಹೊಟ್ಟೆಯೊಳಗೆ ಕಂಡರು. ಈಚಿನ ಸಂಗತಿಯೂ ಒಂದಿದೆ: ಇತರ ನಗರಗಳ ಶಾಸನಗಳಲ್ಲಿ ಮಾತ್ರ ಹೆಸರು ಕಾಣುತ್ತಿದ್ದ ಸಾಕ್ ತ್ಸೀ ಎಂಬ ರಾಜ್ಯದ ರಾಜಧಾನಿ ಲಕಾನ್ಹಾ ತ್ಸೆಲ್ತಾಲ್ ಎಂಬಲ್ಲಿತ್ತೆಂದು 2020ರಲ್ಲಿ ಪುರಾತತ್ವಜ್ಞರು ಪ್ರಕಟಿಸಿದರು. ಅದು ದನ ಮೇಯುವ ಹುಲ್ಲುಗಾವಲಿನಲ್ಲಿತ್ತು.

ಆ ಶಾಸನಗಳನ್ನು ಇಂದು ಓದಬಹುದೇ?

ಬಹುಪಾಲು ಓದಬಹುದು. ಅಕ್ಷರಚಿಹ್ನೆಗಳಲ್ಲಿ ಧ್ವನಿಯೂ ಅಡಗಿದೆ ಎಂದು 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ತೋರಿಸಿದರು. ಪಿಯೆದ್ರಾಸ್ ನೆಗ್ರಾಸಿನ ಕಲ್ಲುಗಳ ಮೇಲಿನ ತಿಥಿಗಳನ್ನು ಸಾಲಾಗಿಟ್ಟು ನೋಡಿದ ತಾತಿಯಾನಾ ಪ್ರೊಸ್ಕೂರಿಯಾಕೋವ್, ಅವು ದೊರೆಗಳ ಹುಟ್ಟು, ಪಟ್ಟಾಭಿಷೇಕಗಳ ದಾಖಲೆ ಎಂದು 1960ರಲ್ಲಿ ಸಾಧಿಸಿ ತೋರಿಸಿದರು. ಅಲ್ಲಿಂದ ಮುಂದೆ ಮಾಯಾ ಜನ ತಮ್ಮ ಇತಿಹಾಸವನ್ನು ತಮ್ಮದೇ ಮಾತಿನಲ್ಲಿ ಹೇಳತೊಡಗಿದರು.

ನಗರಗಳು ಏಕೆ ಬರಿದಾದವು? ಮಾಯಾ ಜನ ಕಣ್ಮರೆಯಾದರೇ?

ಜನ ಕಣ್ಮರೆಯಾಗಲಿಲ್ಲ. ಕಣ್ಮರೆಯಾದದ್ದು ಅರಸರ ವ್ಯವಸ್ಥೆ. ಪಾಲೆಂಕೆಯಲ್ಲಿ ಕೊನೆಯ ತಿಥಿ 799ರದು, ಯಾಶ್ಚಿಲಾನಿನಲ್ಲಿ 808ರದು. ಆ ಕೊನೆಯ ಯಾಶ್ಚಿಲಾನ್ ಶಾಸನವೂ ಪಿಯೆದ್ರಾಸ್ ನೆಗ್ರಾಸಿನ ದೊರೆಯನ್ನು ಸೆರೆಹಿಡಿದದ್ದನ್ನು ಹೇಳುತ್ತದೆ. ತೋನಿನಾದಲ್ಲಿ 909ರವರೆಗೂ ತಿಥಿ ಕೆತ್ತಿದ್ದಾರೆ. ನಿಲ್ಲದ ಯುದ್ಧ, ಬರಗಾಲ, ನೆಲದ ಮೇಲಿನ ಒತ್ತಡ, ದೊರೆಯೇ ಮಳೆ ತರುವವನೆಂಬ ನಂಬಿಕೆಯ ಕುಸಿತ ಇವೆಲ್ಲ ಸೇರಿಯೇ ಕಾರಣವಾಗಿರಬೇಕೆಂದು ಬಹುಪಾಲು ವಿದ್ವಾಂಸರು ಎಣಿಸುತ್ತಾರೆ. ಮಾಯಾ ಭಾಷೆಗಳು ಇಂದಿಗೂ ಸುಮಾರು ಮೂವತ್ತು ಇವೆ, ಅವನ್ನಾಡುವ ಜನ ಲಕ್ಷಾಂತರ. ಚಿಯಾಪಾಸಿನಲ್ಲಿ ತ್ಸೆಲ್ತಾಲ್ ಮತ್ತು ತ್ಸೋತ್ಸಿಲ್ ನುಡಿಗಳನ್ನು ಒಂದೊಂದನ್ನೂ ಐದು ಲಕ್ಷಕ್ಕೂ ಹೆಚ್ಚು ಮಂದಿ ಆಡುತ್ತಾರೆ.

2012ರಲ್ಲಿ ಪ್ರಳಯವೆಂದು ಮಾಯಾ ಜನ ಹೇಳಿದ್ದರೇ?

ಇಲ್ಲ. ದಿನಗಳನ್ನು ಎಣಿಸುವ ಅವರ ದೀರ್ಘಗಣನೆ ಎಂಬ ಪಂಚಾಂಗದ ಒಂದು ಸುತ್ತು ಆ ವರ್ಷ ಡಿಸೆಂಬರ್ 21ರ ಹೊತ್ತಿಗೆ ಮುಗಿಯಿತು, ಅಷ್ಟೆ. ಪಾಲೆಂಕೆಯ ಒಂದು ಶಾಸನ ಕ್ರಿ.ಶ. 4772ರ ದಿನವೊಂದನ್ನು ಹೆಸರಿಸುತ್ತದೆ.

ಲಕಂದೋನರ ಸಾಂಪ್ರದಾಯಿಕ ದೇವರುಗಳೂ ಆಚರಣೆಗಳೂ ಯಾವುವು?

ಜಗತ್ತನ್ನೂ ಹಾಚ್ ವಿನಿಕರನ್ನೂ ಸೃಷ್ಟಿಸಿದವನು ಹಾಚಾಕ್ಯುಮ್. ಅವನ ಅಣ್ಣ ಸುಕುನ್‌ಕ್ಯುಮ್ ಪಾತಾಳದ ಒಡೆಯ. ಮೋಡ ಕಟ್ಟಿ ಮಳೆ ತರುವವನು ಮೆನ್ಸಾಬಾಕ್. ಪರದೇಶದವರಿಗೂ ಅವರ ಸರಕುಗಳಿಗೂ ಆಕ್ಯಾಂತೋ ಎಂಬ ಬೇರೆಯೇ ದೇವರಿದ್ದಾನೆ. ಹೊರಗಿನವರು ತಂದ ಲೋಹದ ಸಾಮಾನು, ಔಷಧಗಳನ್ನೆಲ್ಲ ತಮ್ಮ ಲೋಕದೃಷ್ಟಿಯೊಳಗೆ ಇಷ್ಟು ಅಚ್ಚುಕಟ್ಟಾಗಿ ಕೂರಿಸಿಕೊಂಡ ಬಗೆ ನನಗೆ ಯಾವಾಗಲೂ ಬೆರಗು ಹುಟ್ಟಿಸಿದೆ.

ಪೂಜೆ ನಡೆಯುವುದು ಊರಿನ ಬದಿಯ ಹುಲ್ಲುಮಾಡಿನ ದೇವರಮನೆಯಲ್ಲಿ. ಅಂಚಿನಲ್ಲಿ ಪುಟ್ಟ ಮುಖವೊಂದನ್ನು ಮೂಡಿಸಿದ ಮಣ್ಣಿನ ಧೂಪದ ಮಡಕೆಗಳಲ್ಲಿ ಕೋಪಾಲ್ ಎಂಬ ಮರದ ಅಂಟನ್ನು ಉರಿಸುತ್ತಾರೆ; ಹೊಗೆ ದೇವರ ಊಟವಾಗುತ್ತದೆ. ಬಾಲ್ಚೆ ಎಂಬ ಮರದ ತೊಗಟೆಯನ್ನು ಜೇನು ಅಥವಾ ಕಬ್ಬಿನ ಹಾಲು ಬೆರೆಸಿದ ನೀರಿನಲ್ಲಿ ಹಾಕಿ, ದೋಣಿಯಂತೆ ಕೊರೆದ ಮರದ ದಿಮ್ಮಿಯಲ್ಲಿ ಹುಳಿಯಿಸಿ ಮಾಡುವ ಪಾನೀಯವನ್ನು ಮೊದಲು ದೇವರಿಗೆ ಅರ್ಪಿಸಿ ಆಮೇಲೆ ಎಲ್ಲರೂ ಕುಡಿಯುತ್ತಾರೆ. ಮಡಕೆಗಳಿಗೂ ಆಯುಸ್ಸುಂಟು: ಹಳತಾದವನ್ನು ವಿಧಿಪೂರ್ವಕ ಬದಲಾಯಿಸಿ ಗುಹೆಗಳಲ್ಲಿ ಇಟ್ಟುಬರುತ್ತಿದ್ದರು. ಯಾಶ್ಚಿಲಾನಿನ ಪಾಳುಗುಡಿಗಳು ದೇವರುಗಳ ಮನೆಯೆಂದು ನಂಬಿ ಅಲ್ಲಿಗೂ ಯಾತ್ರೆ ಹೋಗುತ್ತಿದ್ದರು. 19ನೆಯ ಶತಮಾನದ ಪ್ರವಾಸಿಗರು ಅಲ್ಲಿ ಹೊಸ ಧೂಪದ ಮಡಕೆಗಳನ್ನು ಕಂಡಿದ್ದರು. ಅಲ್ಲಿನ ಒಂದು ಗುಡಿಯೊಳಗೆ ತಲೆ ಬೇರೆಯಾಗಿ ಬಿದ್ದಿರುವ ದೊರೆಯ ವಿಗ್ರಹವಿದೆ. ಆ ತಲೆ ಮತ್ತೆ ಮೈಗೆ ಸೇರಿದ ದಿನ ಆಕಾಶದ ಜಾಗ್ವಾರ್‌ಗಳು ಇಳಿದುಬಂದು ಜಗತ್ತನ್ನು ತಿಂದುಹಾಕುತ್ತವೆ ಎಂಬುದು ಅವರ ನಂಬಿಕೆ.

ದಕ್ಷಿಣದ ಲಕಂದೋನರಲ್ಲಿ ಹೆಚ್ಚಿನವರು 1950ರ ದಶಕದಿಂದೀಚೆಗೆ ಪ್ರೊಟೆಸ್ಟಂಟ್ ಕ್ರೈಸ್ತರಾದರು. ಉತ್ತರದ ನಾಹಾದಲ್ಲಿ ಹಳೆಯ ಪೂಜಾಕ್ರಮವನ್ನು ಬಹುಕಾಲ ಹಿಡಿದು ನಿಲ್ಲಿಸಿದವರು ಹಿರಿಯ ಚಾನ್ ಕಿನ್. ಅವರು 1996ರಲ್ಲಿ, ನೂರರ ಹತ್ತಿರದ ಅಥವಾ ನೂರು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಮರಗಳ ಬೇರು ಮತ್ತು ನಕ್ಷತ್ರಗಳ ಬೇರು ಒಂದೇ, ಆದ್ದರಿಂದ ಕಾಡಿನಲ್ಲಿ ಒಂದು ಮರ ಉರುಳಿದಾಗ ಆಕಾಶದಲ್ಲಿ ಒಂದು ನಕ್ಷತ್ರ ಬೀಳುತ್ತದೆ ಎಂಬ ಮಾತು ಅವರ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಹರಡಿದೆ.

ಅವರ ಬೇಸಾಯ ಕಾಡನ್ನು ಹಾಳುಮಾಡುವುದಿಲ್ಲವೇ?

ನಮ್ಮ ಮಲೆನಾಡಿನಲ್ಲಿ ಕುಮರಿ ಎಂದು ಕರೆಯುತ್ತಿದ್ದ ಬೇಸಾಯದ ಬಗೆಯೇ ಅದು: ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿ ಬಿದ್ದ ನೆಲದಲ್ಲಿ ಬಿತ್ತುವುದು. ಬ್ರಿಟಿಷ್ ಅರಣ್ಯಾಧಿಕಾರಿಗಳು ಕುಮರಿಯನ್ನು ಕಾಡಿನ ಶತ್ರು ಎಂದು ಬಗೆದು ತಡೆದಂತೆ ಅಲ್ಲೂ ಅದಕ್ಕೆ ಕೆಟ್ಟ ಹೆಸರು ಬಂದಿದೆ. ಆದರೆ ಲಕಂದೋನರ ಹೊಲ ಬರೀ ಜೋಳದ ಹೊಲವಲ್ಲ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳ ಜೊತೆಗೆ ಗೆಡ್ಡೆಗೆಣಸು, ಮೆಣಸಿನಕಾಯಿ, ಹಣ್ಣಿನ ಗಿಡಗಳೆಲ್ಲ ಒಂದರ ನೆರಳಲ್ಲಿ ಇನ್ನೊಂದು ಬೆಳೆಯುತ್ತವೆ. ಕೆಲವು ವರ್ಷಗಳ ನಂತರ ಹೊಲವನ್ನು ಬಿಟ್ಟುಬಿಡುವುದೂ ಬರಿಯ ಬಿಡುವಿಕೆಯಲ್ಲ. ಬೇಗ ಬೆಳೆದು ದಟ್ಟವಾಗಿ ಎಲೆ ಉದುರಿಸುವ ಬಾಲ್ಸಾ ಮರವನ್ನು ಬೇಕೆಂದೇ ಬೆಳೆಸಿ ಮಣ್ಣಿನ ಸತ್ವವನ್ನು ಮರಳಿ ತರುತ್ತಾರೆ. ನೆಲ ವಿಶಾಲವಾಗಿದ್ದು ಜನ ವಿರಳವಾಗಿದ್ದಾಗ ಈ ಪದ್ಧತಿ ನಡೆಯುತ್ತದೆ. ನೆಲಕ್ಕೆ ಬಿಡುವು ಕೊಡಲಾಗದಷ್ಟು ಒತ್ತಡ ಬಂದಾಗ ಇದೇ ಪದ್ಧತಿ ಕಾಡನ್ನು ತಿನ್ನತೊಡಗುತ್ತದೆ.

ಹೊರಗಿನವರು ಕಾಡಿಗೆ ನುಗ್ಗಿದ್ದು ಯಾವಾಗ?

19ನೆಯ ಶತಮಾನದ ಕೊನೆಯ ಭಾಗದಲ್ಲಿ, ಮಹಾಗನಿಗಾಗಿ. ಮರ ಕಡಿಯುವ ಬಿಡಾರಗಳನ್ನು ‘ಮೋಂತೆರಿಯಾ’ ಎನ್ನುತ್ತಿದ್ದರು. ಬೆಟ್ಟದ ಹಳ್ಳಿಗಳ ಬಡವರಿಗೆ ಮುಂಗಡ ಹಣ ಕೊಟ್ಟು, ಸಾಲ ಎಂದೂ ತೀರದಂತೆ ಲೆಕ್ಕ ಬರೆದು ದುಡಿಸುತ್ತಿದ್ದರು. ಎತ್ತುಗಳಿಂದ ಎಳೆಸಿ ತಂದ ದಿಮ್ಮಿಗಳನ್ನು ಮಳೆಗಾಲದ ಪ್ರವಾಹಕ್ಕೆ ಬಿಟ್ಟರೆ ಅವು ಉಸುಮಾಸಿಂತಾದಲ್ಲಿ ತೇಲಿ ತಬಾಸ್ಕೋ ರಾಜ್ಯದ ತೆನೋಸಿಕೆ ಕಡೆಗೆ ಹೋಗುತ್ತಿದ್ದವು. ಅಲ್ಲಿಂದ ಯೂರೋಪ್ ಮತ್ತು ಅಮೆರಿಕದ ಶ್ರೀಮಂತರ ಮನೆಗಳ ಪೀಠೋಪಕರಣಗಳಾಗುತ್ತಿದ್ದವು. ದುಂಡುದಿಮ್ಮಿಗಳ ರಫ್ತನ್ನು ಸರ್ಕಾರ 1949ರಲ್ಲಿ ನಿಷೇಧಿಸಿತು.

ಮರ ಕಡಿಯುವವರ ಹಿಂದೆಯೇ ಚಿಕ್ಲೆ ಎಂಬ ಹಾಲಂಟು ಇಳಿಸುವವರು ಬಂದರು. ಜಗಿಯುವ ಗಮ್ಮಿಗೆ ಮೊದಲು ಬಳಸಿದ್ದು ಅದನ್ನೇ. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ತೋಟಗಳ ಸಪೋಟವೇ. ‘ಸಪೋಟ’, ‘ಚಿಕ್ಕು’ ಎಂಬ ನಮ್ಮ ಎರಡೂ ಹೆಸರುಗಳು ಅದರ ಮೆಕ್ಸಿಕೋ ಮೂಲವನ್ನು ಇಂದಿಗೂ ನೆನಪಿಸುತ್ತವೆ.

ತ್ಸೆಲ್ತಾಲ್, ಚೋಲ್ ಮೊದಲಾದವರು ಇಲ್ಲಿಗೆ ಹೇಗೆ ಬಂದರು?

ಇಂದು ಈ ಕಾಡುಪ್ರದೇಶದಲ್ಲಿ ಬಹುಸಂಖ್ಯಾತರು ಅವರೇ: ತ್ಸೆಲ್ತಾಲ್, ಚೋಲ್, ತ್ಸೋತ್ಸಿಲ್, ತೋಹೋಲಾಬಾಲ್ ನುಡಿಗಳ ರೈತರು. ಅವರೂ ಮಾಯಾ ಜನರೇ. ತಲೆಮಾರುಗಳಿಂದ ಜಮೀನ್ದಾರರ ಎಸ್ಟೇಟುಗಳಲ್ಲಿ ಜೀತದಂಥ ದುಡಿಮೆ ಮಾಡುತ್ತಿದ್ದವರಿಗೆ 1950ರ ದಶಕದಿಂದ ಈ ಕಾಡು ಸ್ವಂತ ನೆಲದ ಆಸೆಯಾಯಿತು. ಎಸ್ಟೇಟುಗಳನ್ನು ಒಡೆದು ಹಂಚುವುದಕ್ಕಿಂತ ಕಾಡಿಗೆ ಕಳಿಸುವುದು ಸುಲಭವೆಂದು ಸರ್ಕಾರವೂ ಪ್ರೋತ್ಸಾಹಿಸಿತು. ಸಾನ್ ಕ್ರಿಸ್ತೋಬಾಲ್ ಧರ್ಮಪ್ರಾಂತದ ಬಿಷಪ್ ಸಾಮ್ಯುಯೆಲ್ ರುಯಿಸ್ ಅವರ ಕಾಲದ ಉಪದೇಶಿಗಳು ಈ ವಲಸೆಯನ್ನು ಬೈಬಲಿನ ವಿಮೋಚನಕಾಂಡಕ್ಕೆ ಹೋಲಿಸಿ ಅದರ ಸುತ್ತ ತ್ಸೆಲ್ತಾಲ್ ನುಡಿಯಲ್ಲೇ ಪಾಠಗಳನ್ನು ಕಟ್ಟಿದರು. ದೊರೆಯ ದಾಸ್ಯದಿಂದ ಹೊರಟು ವಾಗ್ದತ್ತ ನಾಡಿಗೆ ನಡೆದವರ ಕಥೆ ಆ ರೈತರಿಗೆ ತಮ್ಮದೇ ಕಥೆಯಾಗಿ ಕೇಳಿಸಿತು.

1972ರ ಆಜ್ಞೆ ಏನು? ಅದರ ಬಗ್ಗೆ ಇಂದಿಗೂ ಏಕೆ ಜಗಳ?

1972ರ ಮಾರ್ಚ್‌ನಲ್ಲಿ ಅಧ್ಯಕ್ಷ ಲುಯಿಸ್ ಎಚೆವೆರ್ರಿಯಾ ಅವರ ಸರ್ಕಾರ 6,14,321 ಹೆಕ್ಟೇರ್ ಕಾಡನ್ನು 66 ಲಕಂದೋನ್ ಕುಟುಂಬಗಳ ಸಾಮುದಾಯಿಕ ಸ್ವತ್ತೆಂದು ಘೋಷಿಸಿತು. ಅನಾದಿ ಕಾಲದಿಂದ ಇಲ್ಲಿರುವ ಬುಡಕಟ್ಟಿಗೆ ಅದರ ನೆಲವನ್ನು ಮರಳಿಸುತ್ತಿದ್ದೇವೆ ಎಂಬುದು ಕೊಟ್ಟ ಕಾರಣ. ಮೇಲೆ ಹೇಳಿದ ಹೆಸರಿನ ಗೊಂದಲ ಇಲ್ಲಿ ಕಾನೂನಾಯಿತು. ಅದೇ ನೆಲದಲ್ಲಿ ಆಗಲೇ ಉಳುಮೆ ಮಾಡುತ್ತಿದ್ದ ಸಾವಿರಾರು ತ್ಸೆಲ್ತಾಲ್ ಮತ್ತು ಚೋಲ್ ರೈತರು, ಕೆಲವರು ಹಕ್ಕುಪತ್ರದ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು, ಒಂದೇ ದಿನದಲ್ಲಿ ಅತಿಕ್ರಮಣಕಾರರೆನಿಸಿದರು. ಎರಡೇ ವರ್ಷಗಳಲ್ಲಿ ಸರ್ಕಾರಿ ಪಾಲುಗಾರಿಕೆಯ ಮರದ ಕಂಪನಿ ಹುಟ್ಟಿಕೊಂಡು ಲಕಂದೋನರ ಹೆಸರಿನಲ್ಲಿದ್ದ ಕಾಡಿನ ಮಹಾಗನಿಯನ್ನು ಕಡಿಯತೊಡಗಿತು. ಆಜ್ಞೆಯ ಹಿಂದಿದ್ದದ್ದು ಬುಡಕಟ್ಟಿನ ಮೇಲಿನ ಪ್ರೀತಿಗಿಂತ ಮರದ ಮೇಲಿನ ಕಣ್ಣು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಲಕಂದೋನರು ಇದನ್ನು ಕೇಳಿ ಪಡೆದದ್ದಲ್ಲ ಎಂಬುದನ್ನು ಮರೆಯಬಾರದು.

ಎಬ್ಬಿಸಿದವರಲ್ಲಿ ಅನೇಕರನ್ನು ಎರಡು ದೊಡ್ಡ ಊರುಗಳಲ್ಲಿ ಒಟ್ಟುಗೂಡಿಸಿದರು: ಚೋಲ್ ಜನರನ್ನು ಫ್ರೊಂತೆರಾ ಕೊರೋಸಾಲ್‌ನಲ್ಲಿ, ತ್ಸೆಲ್ತಾಲರನ್ನು ನುಯೆವಾ ಪಾಲೆಸ್ತೀನಾದಲ್ಲಿ. ಅವರನ್ನು ಆಮೇಲೆ ಲಕಂದೋನ್ ಸಮುದಾಯದ ಹಕ್ಕುದಾರರನ್ನಾಗಿಯೂ ಸೇರಿಸಿಕೊಳ್ಳಲಾಯಿತು. ಕಣಿವೆಗಳಲ್ಲಿ ಉಳಿದ ಹಳ್ಳಿಗಳು ಜಾಗ ಬಿಡಲೊಪ್ಪದೆ ಒಂದಾದವು. 1974ರಲ್ಲಿ ಸಾನ್ ಕ್ರಿಸ್ತೋಬಾಲ್‌ನಲ್ಲಿ ನಡೆದ ಮೂಲನಿವಾಸಿಗಳ ಮಹಾಸಭೆಯಲ್ಲಿ ನಾಲ್ಕೂ ನುಡಿಗಳವರು ಒಟ್ಟಿಗೆ ಕೂತು ಭೂಮಿಯ ಮಾತಾಡಿದರು. ಮರುವರ್ಷ ಹಳ್ಳಿಗಳ ಒಕ್ಕೂಟವೊಂದು ತ್ಸೆಲ್ತಾಲ್ ಹೆಸರಿನಲ್ಲೇ ಹುಟ್ಟಿತು. 1978ರಲ್ಲಿ ಇದೆಲ್ಲದರ ಮೇಲೆ ಮೀಸಲು ಅರಣ್ಯದ ಗೆರೆಯೂ ಬಿತ್ತು.

ಜಪಾತಿಸ್ತಾ ದಂಗೆಗೂ ಈ ಕಾಡಿಗೂ ಏನು ಸಂಬಂಧ?

ನೇರ ಸಂಬಂಧ. ನೆಲ ಮತ್ತು ಹಕ್ಕುಗಳಿಗಾಗಿ ಶಸ್ತ್ರ ಹಿಡಿದ ಬಂಡುಕೋರರ ಪಡೆಯಾದ ಜಪಾತಿಸ್ತಾ ಸೇನೆ ಸ್ಥಾಪನೆಯಾದದ್ದು ಇದೇ ಕಾಡಿನಲ್ಲಿ, 1983ರ ನವೆಂಬರ್ 17ರಂದು. ನಗರದಿಂದ ಬಂದ ಕೆಲವೇ ಎಡಪಂಥೀಯರ ಗುಂಪಿಗೆ ನೆಲದ ಹೋರಾಟದಲ್ಲಿ ಪಳಗಿದ ಹಳ್ಳಿಗಳು ಸೇರಿಕೊಂಡವು. 1992ರಲ್ಲಿ ಸಂವಿಧಾನದ 27ನೆಯ ವಿಧಿಯನ್ನು ತಿದ್ದಿ ಭೂಮಿ ಹಂಚಿಕೆಯನ್ನೇ ನಿಲ್ಲಿಸಿದಾಗ, ಹಕ್ಕುಪತ್ರಕ್ಕಾಗಿ ಕಾಯುತ್ತಿದ್ದವರ ಕೊನೆಯ ಆಸೆಯೂ ಹೋಯಿತು. 1994ರ ಜನವರಿ 1ರಂದು, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ದಿನವೇ, ಅವರು ಸಾನ್ ಕ್ರಿಸ್ತೋಬಾಲ್, ಓಕೋಸಿಂಗೋ, ಲಾಸ್ ಮಾರ್ಗರಿತಾಸ್, ಆಲ್ತಾಮಿರಾನೋ ಪಟ್ಟಣಗಳನ್ನು ಹಿಡಿದರು. ಹನ್ನೆರಡು ದಿನಗಳಲ್ಲಿ ಕದನವಿರಾಮವಾಯಿತು. ಮೂಲನಿವಾಸಿಗಳ ಹಕ್ಕುಗಳ ಕುರಿತ ಸಾನ್ ಆಂದ್ರೆಸ್ ಒಪ್ಪಂದಕ್ಕೆ 1996ರ ಫೆಬ್ರವರಿಯಲ್ಲಿ ಸಹಿ ಬಿದ್ದರೂ ಸರ್ಕಾರ ಅದನ್ನು ಒಪ್ಪಿದ ರೂಪದಲ್ಲಿ ಜಾರಿಗೆ ತರಲಿಲ್ಲ. ದಂಗೆಯೆದ್ದವರು ಹೆಚ್ಚಾಗಿ ವಲಸೆ ಬಂದ ಮಾಯಾ ರೈತರು. ಹಾಚ್ ವಿನಿಕರು ಬಹುಪಾಲು ಅದರಿಂದ ದೂರವಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದಿನ ಆಜ್ಞೆ ಇಬ್ಬರ ನಡುವೆ ಎಳೆದ ಗೆರೆ ಅಷ್ಟು ಆಳವಾಗಿತ್ತು.

ಕಾಡು ಇಂದು ಎಷ್ಟು ಉಳಿದಿದೆ?

ಮೂಲ ವಿಸ್ತಾರದ ಹೆಚ್ಚಿನ ಭಾಗ ಹೋಗಿದೆ. ಮಹಾಗನಿ ಕಡಿತ ದಾರಿ ತೆರೆಯಿತು, ಆದರೆ ಬಯಲು ಮಾಡಿದ್ದು ಮುಖ್ಯವಾಗಿ ದನ ಮೇಯಿಸುವ ಹುಲ್ಲುಗಾವಲು. ಜೊತೆಗೆ ತೈಲ ಶೋಧನೆಯ ರಸ್ತೆಗಳು, ಈಚೆಗೆ ತಾಳೆ ಎಣ್ಣೆಯ ತೋಟಗಳು. ಹಾಗಿದ್ದರೂ ಜಾಗ್ವಾರ್, ಟೇಪಿರ್, ಊಳಿಡುವ ಕೋತಿಗಳು, ಕೆಂಪು ಮಕಾವ್ ಗಿಳಿಗಳು ಇಲ್ಲಿ ಇನ್ನೂ ಇವೆ. ಕಾಡಿನ ನಾಶವನ್ನು ಲೋಕದ ಮುಂದಿಟ್ಟವರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕಿ ಗೆರ್‌ಟ್ರೂಡ್ ಬ್ಲೋಮ್ ಮೊದಲಿಗರು. ಪತಿ ಫ್ರಾನ್ಸ್ ಬ್ಲೋಮ್ ಅವರೊಂದಿಗೆ ಸಾನ್ ಕ್ರಿಸ್ತೋಬಾಲ್‌ನಲ್ಲಿ ಅವರು ನಡೆಸಿದ ನಾ ಬೊಲೋಮ್ ಮನೆ ಲಕಂದೋನರಿಗೆ ಪಟ್ಟಣದಲ್ಲಿ ಉಳಿದುಕೊಳ್ಳುವ ತಾಣವೂ ಆಗಿತ್ತು. 1993ರಲ್ಲಿ ಅವರು ತೀರಿಕೊಂಡರು. ನಾಹಾ ಮತ್ತು ಮೆತ್ಸಾಬೊಕ್ ಕಾಡುಗಳಿಗೆ 1998ರಲ್ಲಿ ಪ್ರತ್ಯೇಕ ರಕ್ಷಣೆ ದೊರೆಯಿತು.

ಅಲ್ಲಿಗೆ ಹೋಗಬಹುದೇ?

ಪಾಲೆಂಕೆ ಪಟ್ಟಣದಿಂದ ಗಡಿಯುದ್ದಕ್ಕೂ ಸಾಗುವ ಡಾಂಬರು ರಸ್ತೆ ಇದೆ. ಬೊನಾಂಪಾಕಿಗೆ ಲಕಾನ್ಹಾದ ಲಕಂದೋನರ ವಾಹನಗಳಲ್ಲಿ ಹೋಗಬೇಕು. ಯಾಶ್ಚಿಲಾನಿಗೆ ಫ್ರೊಂತೆರಾ ಕೊರೋಸಾಲ್‌ನಿಂದ ಚೋಲ್ ಅಂಬಿಗರ ದೋಣಿಯೇ ಗತಿ. ಈಚಿನ ವರ್ಷಗಳಲ್ಲಿ ಗಡಿಪ್ರದೇಶದಲ್ಲಿ ಅಪರಾಧಿ ಗುಂಪುಗಳ ಕಾದಾಟ ಹೆಚ್ಚಿ ಪುರಾತತ್ವ ತಾಣಗಳಿಗೆ ಪ್ರವೇಶ ನಿಂತ ಸಂದರ್ಭಗಳೂ ಇರುವುದರಿಂದ, ಹೊರಡುವ ಮೊದಲು ಪಾಲೆಂಕೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಳ್ಳಿಗಳಲ್ಲಿ ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು. ಸ್ಪ್ಯಾನಿಷ್ ಅಲ್ಲಿ ಬಹುಪಾಲು ಎಲ್ಲರಿಗೂ ಬರುತ್ತದೆ, ಆದರೆ ದೋಣಿ ನಡೆಸುವವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು ಚೋಲ್ ನುಡಿಯನ್ನೇ.